ನಾಯಿಯ ಕಾಲು ಮುರಿದರೆ ಪಟ್ಟಿಯೋ, ಪ್ಲೇಟೋ, ಕಾಲು ತೆಗೆಯುವುದೋ?

ವಾಟ್ಸಾಪ್ ಗುಂಪುಗಳಲ್ಲಿ ಇಂಥ ಮನವಿಗಳು ಈಗ ಮಾಮೂಲು. ಬೀದಿನಾಯಿಗೆ ಕಾರು ಗುದ್ದಿದೆ, ಹಿಂಗಾಲು ನೇತಾಡುತ್ತಿದೆ. ಜೊತೆಗೊಂದು ಎಕ್ಸ್‌ರೇ ಫೋಟೊ, ದುಡ್ಡು ಕಳಿಸಲು ಕ್ಯೂಆರ್ ಕೋಡ್. ಅದರ ಕೆಳಗೆ ಸಲಹೆಗಳ ಸಾಲು. "ಪ್ಲೇಟ್ ಹಾಕಿಸಿ, ಇಲ್ಲಾಂದ್ರೆ ಜೀವನಪೂರ್ತಿ ಕುಂಟುತ್ತೆ" ಅಂತ ಒಬ್ಬರು. ಪ್ಲೇಟ್ ಅಂದರೆ ಮುರಿದ ಮೂಳೆಗೆ ಸ್ಕ್ರೂಗಳಿಂದ ಬಿಗಿಯುವ ಲೋಹದ ತಗಡು. "ನಮ್ಮ ರಸ್ತೆ ನಾಯಿಗೆ ಏನೂ ಮಾಡಿಸಲಿಲ್ಲ, ತಾನಾಗೇ ಸರಿಹೋಯ್ತು" ಅಂತ ಇನ್ನೊಬ್ಬರು. "ಕಾಲು ತೆಗೆಸಿಬಿಡಿ, ಮೂರು ಕಾಲಲ್ಲೇ ಓಡಾಡ್ಕೊಂಡಿರುತ್ತೆ" ಅಂತ ಮತ್ತೊಬ್ಬರು.

ವಿಚಿತ್ರ ಅಂದರೆ ಈ ಮೂವರೂ ಸುಳ್ಳು ಹೇಳುತ್ತಿಲ್ಲ. ಮೂವರ ಮಾತೂ ಯಾವುದೋ ಒಂದು ನಾಯಿಯ ಮಟ್ಟಿಗೆ ನಿಜ. ಆದರೆ ಎಕ್ಸ್‌ರೇಯಲ್ಲಿರುವ ಈ ನಾಯಿಗೆ ಯಾವುದು ಸರಿ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಯಾವ ಚಿಕಿತ್ಸೆ ಬೇಕು ಎಂಬುದನ್ನು ಎಕ್ಸ್‌ರೇ ಅರ್ಧ ಮಾತ್ರ ಹೇಳುತ್ತದೆ. ಆಪರೇಷನ್ ಆದ ಮೇಲಿನ ಎಂಟು ವಾರ ಆ ನಾಯಿ ಎಲ್ಲಿರುತ್ತದೆ, ಯಾರು ನೋಡಿಕೊಳ್ಳುತ್ತಾರೆ ಅನ್ನುವುದರಲ್ಲಿ ಉಳಿದರ್ಧ ಇದೆ. ಈ ಎರಡನೆಯ ಪ್ರಶ್ನೆಯನ್ನು 2025ರ ಕೋರ್ಟ್ ಆದೇಶಗಳು ಇನ್ನಷ್ಟು ಕಗ್ಗಂಟು ಮಾಡಿವೆ.

ಆದೇಶಗಳಿಂದ ಬಂದ ಗೊಂದಲ

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳ ಪೀಠ ದೆಹಲಿ ಮತ್ತು ಸುತ್ತಲಿನ ಊರುಗಳ ಬೀದಿನಾಯಿಗಳನ್ನು ಹಿಡಿದು ಆಶ್ರಯ ಕೇಂದ್ರಗಳಿಗೆ ಸೇರಿಸಿ, ಮತ್ತೆ ಬೀದಿಗೆ ಬಿಡಬೇಡಿ ಎಂದಿತು. ಹನ್ನೊಂದೇ ದಿನದಲ್ಲಿ, ಆಗಸ್ಟ್ 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿತು. ಸಂತಾನಹರಣ, ಜಂತುಹುಳದ ಔಷಧ, ಲಸಿಕೆ ಆದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕು. ರೇಬೀಸ್ ಇರುವ, ರೇಬೀಸ್ ಶಂಕೆ ಇರುವ ಅಥವಾ ಮೇಲೆರಗುವ ಸ್ವಭಾವದ ನಾಯಿಗಳನ್ನು ಮಾತ್ರ ಬಿಡಬಾರದು. ನವೆಂಬರ್ 7ರಂದು ಇನ್ನೊಂದು ಆದೇಶ ಬಂತು. ಶಾಲೆ ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡುವಂತಿಲ್ಲ ಎಂದಿತು.

ಈ ಯಾವ ಆದೇಶವೂ ಕಾಲು ಮುರಿದ ನಾಯಿಯ ಬಗ್ಗೆ ಅಲ್ಲ. ಆದರೂ ಅದರ ಪಾಡನ್ನು ಇವೇ ನಿರ್ಧರಿಸುತ್ತವೆ. ಒಂದೇ ಊರಿನ ಎರಡು ನಾಯಿಗಳನ್ನು ತೆಗೆದುಕೊಳ್ಳಿ. ಒಂದಕ್ಕೆ ಬಡಾವಣೆಯ ತಿರುವಿನಲ್ಲಿ ಆಟೊ ಗುದ್ದಿದೆ, ಇನ್ನೊಂದಕ್ಕೆ ಬಸ್ ನಿಲ್ದಾಣದ ಒಳಗೆ ಬಸ್ಸು ತಾಗಿದೆ. ಎರಡರದೂ ತೊಡೆಮೂಳೆಯೇ ಮುರಿದಿದೆ. ಚಿಕಿತ್ಸೆ ಮುಗಿದ ಮೇಲೆ ಮೊದಲನೆಯದು ತನ್ನ ರಸ್ತೆಗೆ ವಾಪಸ್ ಹೋಗಬಹುದು. ಅಲ್ಲಿ ಅದಕ್ಕೆ ಅನ್ನ ಹಾಕುವವರಿದ್ದಾರೆ, ಪರಿಚಯದ ನಾಯಿಗಳಿವೆ. ಎರಡನೆಯದಕ್ಕೆ ವಾಪಸ್ ಹೋಗಲು ಜಾಗವೇ ಇಲ್ಲ.

ಇನ್ನೂ ಒಂದು ತೊಡಕಿದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು, ಅಂದರೆ ಎಲ್ಲರೂ ಎಬಿಸಿ ಎಂದು ಕರೆಯುವ ನಿಯಮಗಳು, ಮುಖ್ಯವಾಗಿ ಸಂತಾನಹರಣಕ್ಕೆ ಮತ್ತು ರೇಬೀಸ್ ಲಸಿಕೆಗೆ ಆಗಿರುವಂಥವು. ಈ ನಿಯಮಗಳಡಿ ನಡೆಯುವ ಎಬಿಸಿ ಕೇಂದ್ರಗಳ ಗೂಡುಗಳು ಕೆಲವೇ ದಿನ ಇಟ್ಟುಕೊಂಡು ಬಿಡುವ ಲೆಕ್ಕದಲ್ಲಿ ಕಟ್ಟಿದವು. ಮುರಿದ ಮೂಳೆಗೆ ಬೇಕಾಗುವುದು ವಾರಗಳು. ಬಿಬಿಎಂಪಿಯ 2023ರ ಸಮೀಕ್ಷೆ ಪ್ರಕಾರ ಬೆಂಗಳೂರಿನಲ್ಲಿ ಅಂದಾಜು 2.79 ಲಕ್ಷ ಬೀದಿನಾಯಿಗಳಿದ್ದವು. ಅದರಲ್ಲಿ ಎಷ್ಟು ಸಣ್ಣ ಪಾಲು ವಾಹನಕ್ಕೆ ಸಿಕ್ಕರೂ, ಅವುಗಳನ್ನು ವಾರಗಟ್ಟಲೆ ಇಟ್ಟುಕೊಳ್ಳುವಷ್ಟು ಗೂಡುಗಳು ಬೇಕಲ್ವಾ?

ಮೂಳೆ ಮುರಿದಾಗ ಒಳಗೆ ಏನಾಗುತ್ತದೆ

ಮೂಳೆ ಮುರಿದ ಕೂಡಲೇ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ಎರಡು ತುಂಡುಗಳನ್ನೂ ಒಂದರ ಮೇಲೊಂದು ಎಳೆಯುತ್ತವೆ. ಕಾಲು ಗಿಡ್ಡವಾಗುತ್ತದೆ. ದಿನ ಕಳೆದಷ್ಟೂ ಸ್ನಾಯು ಅದೇ ಗಿಡ್ಡ ಅಳತೆಗೆ ಒಗ್ಗಿಕೊಳ್ಳುತ್ತದೆ. ಎರಡು ವಾರ ಬಿಟ್ಟು ಬಂದ ನಾಯಿಯ ತೊಡೆಮೂಳೆಯನ್ನು ಸರಿಯಾಗಿ ಕೂರಿಸಲು ಡಾಕ್ಟರು ಒದ್ದಾಡುವುದು ಇದಕ್ಕೇ.

ಇನ್ನೊಂದು ಕಡೆ ದೇಹ ತನ್ನ ಕೆಲಸ ಶುರು ಮಾಡಿರುತ್ತದೆ. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಅದು ಮೆಲ್ಲಗೆ ಮೆತ್ತನೆಯ ಗಂಟಾಗುತ್ತದೆ, ಆಮೇಲೆ ಆ ಗಂಟು ಗಟ್ಟಿಯಾಗಿ ಮೂಳೆಯಾಗುತ್ತದೆ. ಇದಕ್ಕೆ ಎರಡೇ ಎರಡು ಬೇಕು. ರಕ್ತ ಬರುತ್ತಿರಬೇಕು, ಆ ಜಾಗ ಜಾಸ್ತಿ ಅಲುಗಬಾರದು. ಇವೆರಡನ್ನು ಒದಗಿಸುವುದೇ ಡಾಕ್ಟರ ಕೆಲಸ. ಮೂಳೆಯನ್ನು ಕೂಡಿಸುವುದು ದೇಹ.

ಅಲುಗಾಟದಲ್ಲೂ ಬಗೆಗಳಿವೆ. ಮೂಳೆ ಬಗ್ಗಬಹುದು, ತಿರುಚಬಹುದು, ಒಂದರೊಳಗೊಂದು ಕುಸಿಯಬಹುದು, ಪಕ್ಕಕ್ಕೆ ಜಾರಬಹುದು. ಯಾವ ಮುರಿತದಲ್ಲಿ ಯಾವ ಅಲುಗಾಟ ತಡೆಯಬೇಕು ಎಂಬುದರ ಮೇಲೆ ಪಟ್ಟಿ ಸಾಕೋ, ಸರಳು ಬೇಕೋ, ಪ್ಲೇಟೇ ಆಗಬೇಕೋ ಅನ್ನುವುದು ನಿಂತಿದೆ. ಇಷ್ಟು ತಿಳಿದರೆ ಡಾಕ್ಟರುಗಳ ಭಿನ್ನಾಭಿಪ್ರಾಯದಲ್ಲಿ ಅರ್ಧದಷ್ಟು ತಾನಾಗೇ ಅರ್ಥವಾಗುತ್ತದೆ.

ಪಟ್ಟಿ ಎಲ್ಲಿ ಸಾಕು, ಎಲ್ಲಿ ಸಾಲದು

ಪಟ್ಟಿಗೆ ಒಂದು ಹಳೆಯ ನಿಯಮವಿದೆ. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಪಟ್ಟಿಯೊಳಗೆ ಬರಬೇಕು. ಮಂಡಿಯ ಕೆಳಗಿನ ಟಿಬಿಯಾ ಮೂಳೆಗೆ ಅಥವಾ ಮುಂಗಾಲಿನ ಕೆಳಭಾಗಕ್ಕೆ ಇದು ಸಾಧ್ಯ. ತೊಡೆಮೂಳೆಗೆ? ಮೇಲಿನ ಕೀಲು ಸೊಂಟದಲ್ಲಿದೆ. ಅದನ್ನು ಸಾಮಾನ್ಯ ಪಟ್ಟಿಯೊಳಗೆ ತರಲಾಗುವುದಿಲ್ಲ. ತೊಡೆಯ ಅರ್ಧದವರೆಗೆ ಕಟ್ಟಿದ ಪಟ್ಟಿ ಒಂದು ತೂಕದ ಕಲ್ಲಿನಂತೆ ಮುರಿದ ಜಾಗಕ್ಕೇ ನೇತುಬಿದ್ದು, ಹೆಜ್ಜೆ ಇಟ್ಟಾಗಲೆಲ್ಲ ತುಂಡುಗಳನ್ನು ತೂಗಾಡಿಸುತ್ತದೆ. ಏನೂ ಕಟ್ಟದಿದ್ದರೇ ವಾಸಿ ಎನ್ನುವ ಸ್ಥಿತಿ ಅದು. ಮುಂಗಾಲಿನ ಭುಜದ ಕೆಳಗಿನ ಮೂಳೆಯದೂ ಇದೇ ಕತೆ. ನಾಯಿಗಳ ಉದ್ದ ಮೂಳೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಮುರಿಯುವುದು ತೊಡೆಮೂಳೆಯೇ. ಅದಕ್ಕೇ ಅಪಘಾತದ ನಾಯಿಗಳಿಗೆ ಆಪರೇಷನ್ ಮಾತು ಅಷ್ಟು ಸಲ ಬರುತ್ತದೆ.

ಹಾಗಾದರೆ "ಏನೂ ಮಾಡಿಸದೆ ಸರಿಹೋಯ್ತು" ಎಂದ ನಾಯಿಗೆ ಏನಾಗಿತ್ತು? ಬಹಳ ಸಲ ಅದು ಸೊಂಟದ ಮೂಳೆಯ ಮುರಿತ ಆಗಿರುತ್ತದೆ. ನೋಡುವವರಿಗೆ ಹಿಂಗಾಲು ಮುರಿದಂತೆಯೇ ಕಾಣುತ್ತದೆ, ನಾಯಿ ಏಳುವುದಿಲ್ಲ, ಕಾಲು ಎಳೆಯುತ್ತದೆ. ಆದರೆ ಸೊಂಟದ ಸುತ್ತ ದಪ್ಪ ಮಾಂಸಖಂಡಗಳಿವೆ, ಅವೇ ಮೂಳೆಗೆ ದಬ್ಬೆ ಕಟ್ಟಿದಂತೆ ಹಿಡಿದುಕೊಳ್ಳುತ್ತವೆ. ಅಂಥ ಎಷ್ಟೋ ನಾಯಿಗಳು ಕೇಜಿನಲ್ಲಿ ಕೆಲವು ವಾರ ಮಲಗಿ ಎದ್ದು ನಡೆಯುತ್ತವೆ. ಇನ್ನು ಕೆಲವು ನಾಯಿಗಳಲ್ಲಿ ಮೂಳೆ ಸೊಟ್ಟಕ್ಕೆ ಕೂಡಿ, ಗಿಡ್ಡ ಕಾಲಲ್ಲೇ ಬದುಕು ಸಾಗುತ್ತದೆ. ದೂರದಿಂದ ನೋಡುವವರು ಅದನ್ನೂ ವಾಸಿಯಾಯ್ತು ಎನ್ನುತ್ತಾರೆ.

ತೀರಾ ಸಣ್ಣ ಜಾತಿಯ ಸಾಕುನಾಯಿಗಳದ್ದು ಬೇರೆಯೇ ಸಮಸ್ಯೆ. ಪೊಮೆರೇನಿಯನ್, ಟಾಯ್ ಪೂಡಲ್‌ನಂಥವು ಸೋಫಾದಿಂದ ಹಾರಿದರೂ ಸಾಕು, ಮಣಿಕಟ್ಟಿನ ಸ್ವಲ್ಪ ಮೇಲೆ ಮುಂಗಾಲು ಮುರಿಯುತ್ತದೆ. ನಿಯಮದ ಪ್ರಕಾರ ಇಲ್ಲಿ ಪಟ್ಟಿ ಕಟ್ಟಬಹುದು. ಆದರೆ ಆ ಜಾಗದಲ್ಲಿ ಮಾಂಸವೇ ಇಲ್ಲ, ರಕ್ತ ಬರುವುದೂ ಕಡಿಮೆ, ಮೂಳೆ ಬೆಂಕಿಕಡ್ಡಿಯಷ್ಟು ತೆಳು. ಪಟ್ಟಿ ಕಟ್ಟಿದಾಗ ಕೂಡದೇ ಉಳಿಯುವ ಸಂಭವ ಜಾಸ್ತಿ. ಅದಕ್ಕೇ ಎರಡು ಕೆಜಿ ನಾಯಿಗೂ ಪ್ಲೇಟ್ ಹಾಕಿಸಿ ಎಂದು ಡಾಕ್ಟರು ಹೇಳಿದರೆ ಅದು ದುಡ್ಡಿನ ಆಸೆ ಅಂತ ತಕ್ಷಣ ತೀರ್ಮಾನಿಸಬಾರದು.

ನಮ್ಮಲ್ಲಿ ನಾಟಿ ಕಟ್ಟಿನ ಮೇಲೆ ನಂಬಿಕೆ ದೊಡ್ಡದು. ಆಂಧ್ರದ ಪುತ್ತೂರು ಕಟ್ಟು ಬೆಂಗಳೂರಿನವರಿಗೆ ಚೆನ್ನಾಗೇ ಗೊತ್ತು. ಹಳ್ಳಿಗಳಲ್ಲಿ ಕರುವಿಗೋ ನಾಯಿಗೋ ಬಿದಿರ ದಬ್ಬೆ ಇಟ್ಟು ಬಟ್ಟೆ ಸುತ್ತುವವರಿದ್ದಾರೆ. ಆ ನಂಬಿಕೆಯನ್ನು ಹೀಗಳೆಯಬೇಕಿಲ್ಲ. ಆದರೆ ಒಂದು ಅಪಾಯ ಹೇಳಲೇಬೇಕು. ಮುರಿದ ಕಾಲು ಮೊದಲ ಎರಡು ಮೂರು ದಿನ ಊದಿಕೊಳ್ಳುತ್ತದೆ. ಮೊದಲ ದಿನ ಸರಿಯಾಗಿದ್ದ ಕಟ್ಟು ಮೂರನೇ ದಿನ ಉರುಳಾಗುತ್ತದೆ. ಪಾದ ತಣ್ಣಗಾಗಿ, ಬೆರಳುಗಳು ಊದಿ, ಆಮೇಲೆ ವಾಸನೆ ಬರುತ್ತದೆ. ಅಷ್ಟೊತ್ತಿಗೆ ಕಾಲು ಕೊಳೆತಿರುತ್ತದೆ. ಪಟ್ಟಿಯಿಂದಲೇ ಕೂಡಬಹುದಾಗಿದ್ದ ಕಾಲನ್ನು ಕತ್ತರಿಸಬೇಕಾಗಿ ಬರುವುದು ಹೀಗೆ. ಡಾಕ್ಟರು ಕಟ್ಟಿದ ಪಟ್ಟಿಗೂ ಇದು ಅನ್ವಯಿಸುತ್ತದೆ. ದಿನಕ್ಕೆರಡು ಸಲ ಬೆರಳು ಮುಟ್ಟಿ ನೋಡಬೇಕು, ಪಟ್ಟಿ ಒದ್ದೆಯಾಗದಂತೆ ನೋಡಿಕೊಳ್ಳಬೇಕು.

ಆಪರೇಷನ್ ಮೇಜಿನ ಮೇಲೆ

ರಾಡು, ಪ್ಲೇಟು, ಹೊರಗಿನ ಸರಳು. ಸಾಮಾನ್ಯವಾಗಿ ಕೇಳಿಬರುವ ಹೆಸರುಗಳು ಈ ಮೂರು.

ರಾಡು ಅಂದರೆ ಮೂಳೆಯ ನಡುವಿನ ಟೊಳ್ಳಿನಲ್ಲಿ ತೂರಿಸುವ ಉಕ್ಕಿನ ಸರಳು. ಖರ್ಚು ಕಡಿಮೆ, ಬೇಗ ಮುಗಿಯುತ್ತದೆ. ಮೂಳೆ ಬಗ್ಗುವುದನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ನುಣುಪಾದ ಸರಳಿನ ಸುತ್ತ ಮೂಳೆಯ ತುಂಡು ತಿರುಗಬಹುದು, ಮುರಿತ ನುಚ್ಚಾಗಿದ್ದರೆ ಕುಸಿಯಲೂಬಹುದು. ಸರಳು ಮೆಲ್ಲಗೆ ಹಿಂದಕ್ಕೆ ಸರಿದು ಸೊಂಟದ ಬಳಿ ಚರ್ಮಕ್ಕೆ ಚುಚ್ಚುವುದೂ ಉಂಟು. ಹಾಗಾಗಿ ರಾಡ್ ಒಂದನ್ನೇ ಎಲ್ಲದಕ್ಕೂ ನೆಚ್ಚಿಕೊಳ್ಳುವಂತಿಲ್ಲ. ನಾಲ್ಕಾರು ತುಂಡಾದ ತೊಡೆಮೂಳೆಗೆ ಬರೀ ರಾಡ್ ಹಾಕಿ ಬಿಟ್ಟರೆ ಸೋಲು ಬಹುಮಟ್ಟಿಗೆ ಖಚಿತ.

ಪ್ಲೇಟ್ ಎಲ್ಲ ಬಗೆಯ ಅಲುಗಾಟವನ್ನೂ ತಡೆಯುತ್ತದೆ. ಅದನ್ನು ಹಾಕುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಬಿಲ್ ಯಾಕೆ ಅಷ್ಟಾಗುತ್ತದೆ ಅನ್ನುವುದು ತಿಳಿಯುತ್ತದೆ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಸೊಂಟದಿಂದ ಮಂಡಿವರೆಗೆ ಕೂದಲು ಬೋಳಿಸುತ್ತಾರೆ. ತೊಡೆಯ ಹೊರಬದಿಯಲ್ಲಿ ಚರ್ಮ ಸೀಳಿ, ಸ್ನಾಯುಗಳನ್ನು ಕತ್ತರಿಸದೆ ಎರಡರ ನಡುವೆ ದಾರಿ ಮಾಡಿಕೊಳ್ಳುತ್ತಾರೆ. ಒಂದರ ಮೇಲೊಂದು ಏರಿ ಕೂತ ತುಂಡುಗಳ ತುದಿಗಳನ್ನು ಗುಡಾರದ ಗಳು ಎತ್ತಿದ ಹಾಗೆ ಮೇಲಕ್ಕೆತ್ತಿ, ತುದಿಗೆ ತುದಿ ತಾಗಿಸಿ, ಮೆಲ್ಲಗೆ ಕೆಳಕ್ಕೆ ಒತ್ತಿ ಸಾಲಿಗೆ ತರುತ್ತಾರೆ. ಪ್ಲೇಟನ್ನು ಆ ಮೂಳೆಯ ಬಾಗಿಗೆ ತಕ್ಕಂತೆ ಬಗ್ಗಿಸುತ್ತಾರೆ. ತೂತು ಕೊರೆಯುವಾಗ ಒಬ್ಬರು ಸಲೈನ್ ಹನಿಸುತ್ತಲೇ ಇರಬೇಕು, ಡ್ರಿಲ್ ಕಾದರೆ ಸುತ್ತಲಿನ ಮೂಳೆ ಸತ್ತು ಸ್ಕ್ರೂ ಸಡಿಲವಾಗುತ್ತದೆ. ಪ್ರತಿ ತೂತಿನ ಆಳ ಅಳೆದು ಅಷ್ಟೇ ಉದ್ದದ ಸ್ಕ್ರೂ ಕೂರಿಸಬೇಕು. ಮುರಿತದ ಎರಡೂ ಬದಿಗೆ ಕನಿಷ್ಠ ಮೂರು ಮೂರು ಸ್ಕ್ರೂ ಇರಬೇಕು ಎನ್ನುವುದು ಹಿಂದಿನಿಂದ ಬಂದ ಲೆಕ್ಕ. ಈಗಿನ ಲಾಕಿಂಗ್ ಪ್ಲೇಟುಗಳಲ್ಲಿ ಸ್ಕ್ರೂವಿನ ತಲೆಯೇ ಪ್ಲೇಟಿಗೆ ಕಚ್ಚಿಕೊಳ್ಳುತ್ತದೆ.

ಮೂಳೆ ನುಚ್ಚಾಗಿದ್ದಾಗ ಈಗಿನ ಡಾಕ್ಟರುಗಳು ಪ್ರತಿ ಚೂರನ್ನೂ ಜೋಡಿಸಲು ಹೋಗುವುದಿಲ್ಲ. ಚೂರುಗಳನ್ನು ಮುಟ್ಟಿದಷ್ಟೂ ಅವಕ್ಕೆ ಬರುವ ರಕ್ತ ತಪ್ಪುತ್ತದೆ. ಕಾಲಿನ ಉದ್ದ ಮತ್ತು ನೇರ ಸರಿ ಮಾಡಿ, ಸೇತುವೆಯಂತೆ ಪ್ಲೇಟ್ ಕೂರಿಸಿ, ನಡುವಿನ ಚೂರುಗಳನ್ನು ಇದ್ದ ಹಾಗೇ ಬಿಡುತ್ತಾರೆ. ಆಪರೇಷನ್ ಆದ ಮೇಲಿನ ಎಕ್ಸ್‌ರೇಯಲ್ಲಿ ಚೂರುಗಳು ಕಂಡು "ಸರಿಯಾಗಿ ಜೋಡಿಸಿಲ್ಲ" ಎಂದು ಗಾಬರಿಯಾಗುವವರು ಇದನ್ನು ತಿಳಿದಿರಬೇಕು.

ಮೂರನೆಯದು ಹೊರಗಿನ ಸರಳು. ಚರ್ಮದ ಮೂಲಕ ಮೂಳೆಗೆ ಪಿನ್ನುಗಳನ್ನು ಚುಚ್ಚಿ, ಹೊರಗೆ ಒಂದು ಕಂಬಿಗೆ ಅವನ್ನು ಬಿಗಿಯುತ್ತಾರೆ. ಗಾಯ ತೆರೆದು ಮೂಳೆ ಹೊರಬಂದಿದ್ದರೆ, ಅಂದರೆ ಕೀವಾಗುವ ಅಪಾಯ ಇದ್ದರೆ, ಇದು ಒಳ್ಳೆಯ ದಾರಿ. ಗಾಯದೊಳಗೆ ಪ್ಲೇಟ್ ಇಡಬೇಕಿಲ್ಲ, ದಿನಾ ಗಾಯ ತೊಳೆಯಬಹುದು. ಕಂಬಿಯ ಬದಲು ಎಪಾಕ್ಸಿ ಅಂಟಿನಿಂದಲೇ ಚೌಕಟ್ಟು ಕಟ್ಟಿ ಖರ್ಚು ಇಳಿಸುವವರೂ ಇದ್ದಾರೆ. ಈ ವಿಧಾನದ ಚರಿತ್ರೆ ಸ್ವಾರಸ್ಯದ್ದು. ಅಮೆರಿಕದ ಪಶುವೈದ್ಯ ಆಟೊ ಸ್ಟೇಡರ್ 1930ರ ದಶಕದಲ್ಲಿ ನಾಯಿಗಳಿಗಾಗಿ ಇಂಥದ್ದೊಂದು ಸಾಧನ ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ನೌಕಾಪಡೆ ಅದನ್ನೇ ತನ್ನ ಗಾಯಾಳು ಸೈನಿಕರಿಗೂ ಬಳಸಿತು. ಮನುಷ್ಯರ ಚಿಕಿತ್ಸೆಯೇ ಯಾವಾಗಲೂ ನಾಯಿಗೆ ಇಳಿದುಬರುತ್ತದೆ ಅಂದುಕೊಳ್ಳುತ್ತೇವೆ. ಇಲ್ಲಿ ಆದದ್ದು ತಿರುಗುಮುರುಗು.

ಮರಿಗಳ ಲೆಕ್ಕ ಬೇರೆ

ಮರಿಗಳ ಮೂಳೆ ಬೇಗ ಕೂಡುತ್ತದೆ. ಮೂರು ತಿಂಗಳೊಳಗಿನ ಮರಿಗೆ ಮೂರು ನಾಲ್ಕು ವಾರ ಸಾಕಾಗಬಹುದು. ವರ್ಷ ದಾಟಿದ ನಾಯಿಗೆ ಎಂಟರಿಂದ ಹನ್ನೆರಡು ವಾರ, ಕೆಲವೊಮ್ಮೆ ಇನ್ನೂ ಜಾಸ್ತಿ. ಹಾಗಾಗಿ ಮರಿಗಳ ವಿಷಯದಲ್ಲಿ ಕಾಲು ತೆಗೆಯುವ ಮಾತು ಆದಷ್ಟು ಕೊನೆಗೆ ಬರಬೇಕು.

ಆದರೆ ಬೇಗ ಕೂಡುವುದೇ ಒಂದು ಅಪಾಯವೂ ಹೌದು. ಮರಿಯ ಮೂಳೆಯ ತುದಿಗಳಲ್ಲಿ ಬೆಳೆಯುವ ಪದರ ಇರುತ್ತದೆ, ಅದು ಮೂಳೆಗಿಂತ ಮೆತ್ತಗೆ. ಪೆಟ್ಟು ಬಿದ್ದಾಗ ಮೊದಲು ಬಿಡುವುದು ಅದೇ. ಮುಂಗಾಲಿನಲ್ಲಿ ಜೊತೆಯಾಗಿರುವ ಎರಡು ಮೂಳೆಗಳಲ್ಲಿ ಒಂದರ ಬೆಳವಣಿಗೆ ನಿಂತು ಇನ್ನೊಂದು ಬೆಳೆಯುತ್ತಾ ಹೋದರೆ ಕಾಲು ಬಿಲ್ಲಿನಂತೆ ಬಾಗುತ್ತದೆ. ಇದು ಗೊತ್ತಾಗುವುದು ವಾರಗಳ ನಂತರ.

ಇದಕ್ಕಿಂತ ಸಂಕಟದ್ದು ಇನ್ನೊಂದಿದೆ. ತೊಡೆಮೂಳೆ ಮುರಿದ ಮರಿಯ ಕಾಲನ್ನು ನೇರವಾಗಿ ಚಾಚಿ ಪಟ್ಟಿ ಕಟ್ಟಿ ವಾರಗಟ್ಟಲೆ ಬಿಟ್ಟರೆ, ತೊಡೆಯ ಮುಂಭಾಗದ ಸ್ನಾಯು ಕೂಡುತ್ತಿರುವ ಮೂಳೆಗೇ ಅಂಟಿಕೊಂಡುಬಿಡುತ್ತದೆ. ಮಂಡಿ ಮತ್ತೆ ಮಡಚುವುದಿಲ್ಲ. ಮೂಳೆ ಕೂಡಿರುತ್ತದೆ, ಕಾಲು ಮಾತ್ರ ಕೋಲಿನಂತೆ ನಿಂತಿರುತ್ತದೆ. ಕೊನೆಗೆ ಆ ಕಾಲನ್ನು ತೆಗೆಯಬೇಕಾಗಿ ಬರಬಹುದು. ಮರಿಗೆ ಸುಮ್ನೆ ಪಟ್ಟಿ ಸಾಕು ಎನ್ನುವ ಕರುಣೆ ಇಲ್ಲಿ ತಿರುಗಿ ಹೊಡೆಯುತ್ತದೆ. ಆಪರೇಷನ್ ಆದ ಮರುದಿನದಿಂದಲೇ ಮಂಡಿಯನ್ನು ಮೆಲ್ಲಗೆ ಮಡಚಿ ಬಿಡಿಸಿ ಎಂದು ಡಾಕ್ಟರು ಹೇಳುವುದು ಇದಕ್ಕಾಗಿ.

"ಇವತ್ತೇ ಯಾಕೆ ಆಪರೇಷನ್ ಮಾಡಲ್ಲ?"

ಆಸ್ಪತ್ರೆಗೆ ತಂದವರು ಸಿಟ್ಟಾಗುವ ಜಾಗ ಇದು. ನಾಯಿ ನರಳುತ್ತಿದೆ, ಡಾಕ್ಟರು ಮಾತ್ರ ಎರಡು ದಿನ ನೋಡೋಣ ಅಂತಾರೆ. ಕಾರಣ ಇದೆ. ತೊಡೆ ಮುರಿಯುವಷ್ಟು ಜೋರಾಗಿ ಗುದ್ದಿದ ವಾಹನ ಎದೆ ಹೊಟ್ಟೆಗಳನ್ನೂ ಬಿಟ್ಟಿರುವುದಿಲ್ಲ. ಶ್ವಾಸಕೋಶ ಜಜ್ಜಿರಬಹುದು, ಅದರ ಸುತ್ತ ಗಾಳಿ ಸೇರಿರಬಹುದು, ಎದೆ ಹೊಟ್ಟೆಗಳ ನಡುವಿನ ಪರದೆ ಹರಿದಿರಬಹುದು, ಮೂತ್ರಕೋಶ ಒಡೆದಿರಬಹುದು. ಮೂಳೆ ಎರಡು ದಿನ ಕಾಯುತ್ತದೆ. ಉಸಿರು ಕಾಯುವುದಿಲ್ಲ. ಎದೆಯ ಎಕ್ಸ್‌ರೇ ತೆಗೆಯದೆ ಅರಿವಳಿಕೆ ಕೊಡುವುದು ಜೀವದ ಜೊತೆ ಜೂಜಾಡಿದಂತೆ. ಮೂಳೆ ಹೊರಬಂದ ಗಾಯವಿದ್ದರೆ ಮಾತ್ರ ತೊಳೆದು, ಮುಚ್ಚಿ, ಆಂಟಿಬಯಾಟಿಕ್ ಶುರು ಮಾಡುವುದು ತಡವಾಗಬಾರದು.

ನಮ್ಮ ಕಡೆ ಇನ್ನೊಂದು ಪರೀಕ್ಷೆ ತಪ್ಪಿಸುವಂತಿಲ್ಲ. ಬೀದಿನಾಯಿಗಳ ಮೈಮೇಲೆ ರಕ್ತ ಹೀರುವ ಉಣ್ಣಿಗಳು ತುಂಬಿರುತ್ತವೆ. ಉಣ್ಣಿಯಿಂದ ಬರುವ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಸಿಯುತ್ತವೆ. ನೋಡಲು ಗಟ್ಟಿಮುಟ್ಟಾಗಿದ್ದ ನಾಯಿ ಆಪರೇಷನ್ ಮೇಜಿನ ಮೇಲೆ ರಕ್ತ ನಿಲ್ಲದೆ ಸಾಯಬಹುದು. ಮೊದಲು ರಕ್ತ ಪರೀಕ್ಷೆ, ಬೇಕಿದ್ದರೆ ಜ್ವರಕ್ಕೆ ಚಿಕಿತ್ಸೆ, ಆಮೇಲೆ ಮೂಳೆ.

ಡಾಕ್ಟರು ಪಾದದ ಬೆರಳನ್ನು ಇಕ್ಕಳದಿಂದ ಚಿವುಟಿ ನೋಡುವುದನ್ನು ಕ್ರೌರ್ಯ ಎಂದುಕೊಳ್ಳಬೇಡಿ. ನಾಯಿ ಕಾಲು ಎಳೆದುಕೊಂಡರೆ ಸಾಲದು, ತಿರುಗಿ ನೋಡಬೇಕು, ನೋವು ತಿಳಿಯಬೇಕು. ಮುಂಗಾಲಿಗೆ ಬಲವಾಗಿ ಗುದ್ದಿದಾಗ ಭುಜದ ಬಳಿ ನರಗಳು ಬೇರುಸಮೇತ ಕಿತ್ತುಬಂದಿರಬಹುದು. ಅಂಥ ಕಾಲಿನ ಮೂಳೆಯನ್ನು ಎಷ್ಟು ಚೆಂದ ಕೂಡಿಸಿದರೂ ಅದು ನೆಲಕ್ಕೆ ಎಳೆದುಕೊಂಡೇ ಇರುತ್ತದೆ.

ಈ ಎರಡು ದಿನದಲ್ಲಿ ಮನೆಯಲ್ಲಿರುವ ನೋವಿನ ಮಾತ್ರೆ ಕೊಡುವುದು ದೊಡ್ಡ ತಪ್ಪು. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಮೆಲಾಕ್ಸಿಕ್ಯಾಮ್‌ನಂಥ ಔಷಧವನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ. ಇನ್ನು ನಾಯಿಯನ್ನು ಎತ್ತುವವರು ಮೊದಲು ಅದರ ಮೂತಿಗೆ ಬಟ್ಟೆಯ ಪಟ್ಟಿ ಕಟ್ಟಲಿ. ಎಷ್ಟೇ ಪಾಪದ ನಾಯಿಯಾದರೂ ನೋವಲ್ಲಿ ಕಚ್ಚುತ್ತದೆ. ಕಚ್ಚಿದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ರೇಬೀಸ್ ಲಸಿಕೆಗೆ ಹೋಗಬೇಕು.

ಕಾಲು ತೆಗೆಯುವುದು ಸೋಲೇ?

ಇಲ್ಲಿ ಪ್ರಾಣಿಪ್ರಿಯರ ನಡುವೆಯೇ ಜಗಳವಿದೆ. ಸಾಕುನಾಯಿಗೆ ಕೊಡುವ ಚಿಕಿತ್ಸೆಯೇ ಬೀದಿನಾಯಿಗೂ ಸಿಗಬೇಕು, ದುಡ್ಡಿಲ್ಲ ಅಂತ ಕಾಲು ಕತ್ತರಿಸುವುದು ಅನ್ಯಾಯ ಎನ್ನುವುದು ಒಂದು ಪಕ್ಷ. ಒಂದು ಪ್ಲೇಟಿನ ದುಡ್ಡಲ್ಲಿ ಹಲವು ನಾಯಿಗಳ ಜೀವ ಉಳಿಯುತ್ತದೆ, ಬೀದಿಯಲ್ಲಿ ಪ್ಲೇಟ್ ಉಳಿಯುವುದೂ ಕಷ್ಟ ಎನ್ನುವುದು ಇನ್ನೊಂದು ಪಕ್ಷ.

ನಾಯಿಯ ಮೈಭಾರದಲ್ಲಿ ಸುಮಾರು ಶೇ 60ರಷ್ಟು ಮುಂಗಾಲುಗಳ ಮೇಲೆ, ಶೇ 40ರಷ್ಟು ಹಿಂಗಾಲುಗಳ ಮೇಲೆ ಬೀಳುತ್ತದೆ. ಹಾಗಾಗಿ ಒಂದು ಹಿಂಗಾಲು ಹೋದ ನಾಯಿ ಬಲುಬೇಗ ಹೊಂದಿಕೊಳ್ಳುತ್ತದೆ. ಮುಂಗಾಲು ಹೋದದ್ದು ಕೂಡ ನಡೆಯುತ್ತದೆ, ಶ್ರಮ ಮಾತ್ರ ಜಾಸ್ತಿ. ಹೊಲಿಗೆ ಎರಡು ವಾರದಲ್ಲಿ ಒಣಗುತ್ತದೆ. ಲೋಹ ಬಗ್ಗುವ ಭಯವಿಲ್ಲ. ಆದರೆ ವಾಹನ ತಪ್ಪಿಸಿಕೊಳ್ಳಲು, ಬೇರೆ ನಾಯಿಗಳ ಜೊತೆ ಗುದ್ದಾಡಲು ಮೂರು ಕಾಲು ಎಷ್ಟು ಸಾಕು ಅನ್ನುವುದು ಆ ರಸ್ತೆಯ ಮೇಲೆ ನಿಂತಿದೆ.

ನನ್ನ ಅಭಿಪ್ರಾಯ ಇದು. ಮೂಳೆ ನುಚ್ಚಾಗಿ, ಚರ್ಮ ಹರಿದು, ನರ ಹೋಗಿದ್ದರೆ ಕಾಲು ತೆಗೆಯುವುದೇ ಒಳ್ಳೆಯ ಚಿಕಿತ್ಸೆ, ಅದನ್ನು ಸೋಲು ಅನ್ನಬಾರದು. ಎಂಟು ವಾರ ಇಟ್ಟುಕೊಳ್ಳುವವರು ಯಾರೂ ಇಲ್ಲದ ದೊಡ್ಡ ನಾಯಿಯ ವಿಷಯದಲ್ಲೂ ಅದನ್ನು ಪ್ರಾಮಾಣಿಕವಾಗಿ ಪರಿಗಣಿಸಬೇಕು. ಆದರೆ ಟಿಬಿಯಾ ನಡುವೆ ಸಲೀಸಾಗಿ ಎರಡು ತುಂಡಾಗಿರುವ ಎಳೆ ನಾಯಿಯ ಕಾಲನ್ನು ಬೇಗ ಮುಗಿಯುತ್ತದೆ ಅಂತ ತೆಗೆಯುವುದು ತಪ್ಪು. ದಯಾಮರಣದ ಮಾತಂತೂ ಇಲ್ಲಿಗೆ ಸಲ್ಲುವುದಿಲ್ಲ. ಎಬಿಸಿ ನಿಯಮ ಅದಕ್ಕೆ ಅವಕಾಶ ಕೊಡುವುದು ವಾಸಿಯಾಗದ ಕಾಯಿಲೆಗೆ, ಬದುಕದಷ್ಟು ಗಾಯಕ್ಕೆ ಮಾತ್ರ. ಅದನ್ನೂ ನಿಗದಿತ ತಂಡವೇ ತೀರ್ಮಾನಿಸಬೇಕು. ಮುರಿದ ಒಂದು ಕಾಲು ಈ ಎರಡರಲ್ಲಿ ಯಾವುದೂ ಅಲ್ಲ.

ಎಂಟು ವಾರ ಎಲ್ಲಿ?

ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಕೊನೆಗೆ ತುಂಡಾಗುತ್ತದೆ. ಪ್ಲೇಟಿನ ಕತೆಯೂ ಅದೇ. ಮೂಳೆ ಕೂಡುವವರೆಗೆ ಪ್ರತಿ ಹೆಜ್ಜೆಯ ಭಾರವನ್ನು ಅದೇ ಹೊರುತ್ತದೆ. ಮೂಳೆ ಮೊದಲು ಕೂಡಿದರೆ ನಾಯಿ ಗೆದ್ದಿತು. ಹತ್ತನೇ ದಿನ ಕಾಂಪೌಂಡ್ ಹಾರಿದರೆ ಪ್ಲೇಟ್ ಬಗ್ಗುತ್ತದೆ ಅಥವಾ ಸ್ಕ್ರೂಗಳು ಕಿತ್ತು ಬರುತ್ತವೆ. ಎರಡನೇ ಆಪರೇಷನ್ ಮೊದಲನೆಯದಕ್ಕಿಂತ ಕಷ್ಟ, ಖರ್ಚೂ ಜಾಸ್ತಿ.

ತಮಾಷೆಯೆಂದರೆ ಆಪರೇಷನ್ ಎಷ್ಟು ಚೆನ್ನಾಗಿ ಆಗಿದೆಯೋ ಅಪಾಯ ಅಷ್ಟು ಹೆಚ್ಚು. ನೋವು ಇಳಿದ ನಾಯಿ ವಾರದೊಳಗೆ ಕಾಲೂರುತ್ತದೆ, ಎರಡನೇ ವಾರ ಓಡಲು ನೋಡುತ್ತದೆ. ಮೂಳೆ ಇನ್ನೂ ಕೂಡಿಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಸಣ್ಣ ಜಾಗ, ಜಾರದ ನೆಲ, ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಕಾಲರ್, ಉಚ್ಚೆ ಕಕ್ಕಸಿಗೆ ಮಾತ್ರ ಹಗ್ಗ ಹಿಡಿದು ಹೊರಗೆ. ಸಾಕುನಾಯಿಗೆ ಇದು ಮನೆಯವರ ತಾಳ್ಮೆಯ ಪ್ರಶ್ನೆ. ಹಗ್ಗವನ್ನೇ ಕಾಣದ ಬೀದಿನಾಯಿಗೆ ಸೆರೆವಾಸ. ಹಲವು ನಾಯಿಗಳ ನಡುವೆ ಇದ್ದರೆ ಡಿಸ್ಟೆಂಪರ್, ಪಾರ್ವೊ ಎಂಬ ಮಾರಕ ಸೋಂಕುಗಳು ತಗಲುವ ಅಪಾಯ ಬೇರೆ. ಚಿಕಿತ್ಸೆ ಗೆದ್ದು ನಾಯಿ ಕಾಯಿಲೆಗೆ ಬಲಿಯಾಗುವುದು ಇಂಥಲ್ಲೇ.

ಮುಂದೆ ಏನಾಗಬಹುದು

ನವೆಂಬರ್ ಆದೇಶದಂತೆ ಬಸ್ ನಿಲ್ದಾಣ, ಆಸ್ಪತ್ರೆಗಳ ನಾಯಿಗಳೆಲ್ಲ ಆಶ್ರಯ ಕೇಂದ್ರಗಳಿಗೆ ಸೇರುತ್ತಾ ಹೋದರೆ, ಅವು ಅಲ್ಲೇ ಉಳಿಯುತ್ತವೆ. ಆಗ ಕಾಲು ಮುರಿದ ನಾಯಿಗೆ ಬೇಕಾದ ಒಂಟಿ ಗೂಡು ಖಾಲಿ ಸಿಗುವುದು ಕಷ್ಟವಾಗುತ್ತದೆ. ಜಾಗ ಇಲ್ಲದಿದ್ದರೆ ಡಾಕ್ಟರು ಬೇಗ ಮುಗಿಯುವ ದಾರಿಗೆ ವಾಲುತ್ತಾರೆ. ಅಂದರೆ ಕೂಡಿಸಬಹುದಾದ ಕಾಲುಗಳನ್ನೂ ತೆಗೆಯುವುದು ಹೆಚ್ಚಾಗಬಹುದು. ವಾಪಸ್ ಎಲ್ಲಿ ಬಿಡುವುದು ಎಂಬ ಭಯಕ್ಕೆ ನಾಯಿಯನ್ನು ಎತ್ತಿಕೊಳ್ಳಲೇ ಜನ ಹಿಂಜರಿಯಬಹುದು. ಎರಡು ವಾರ ತಡವಾದ ತೊಡೆಮೂಳೆ ಹೇಗಿರುತ್ತದೆ ಎಂದು ಮೇಲೆ ನೋಡಿದೆವು.

ದಾರಿ ಇಲ್ಲವೇ ಅಂದರೆ ಇದೆ. ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನ, ಗದಗಗಳಲ್ಲಿ ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳಿವೆ. ಮೂಳೆ ಆಪರೇಷನ್ ಕಲಿಯಬೇಕಾದ ವಿದ್ಯಾರ್ಥಿಗಳೂ ಅಲ್ಲೇ ಇದ್ದಾರೆ. ಸ್ಥಳೀಯ ಸಂಸ್ಥೆಗಳು ಆಪರೇಷನ್ ಅಲ್ಲಿ ಮಾಡಿಸಿ, ಮುಂದಿನ ವಾರಗಳಿಗೆ ತಮ್ಮ ಎಬಿಸಿ ಕೇಂದ್ರಗಳಲ್ಲಿ ಕೆಲವು ಗೂಡುಗಳನ್ನು ಮೀಸಲಿಡಬಹುದು. ಆ ವಾರಗಳಲ್ಲೇ ಸಂತಾನಹರಣ, ಲಸಿಕೆಗಳೂ ಮುಗಿಯುತ್ತವೆ. ಮನೆಯ ಒಂದು ಮೂಲೆಯನ್ನು ಎರಡು ತಿಂಗಳು ಬಿಟ್ಟುಕೊಡುವವರು ಸಿಕ್ಕರೆ ಅದು ಇನ್ನೂ ವಾಸಿ.

ಇನ್ನು ದುಡ್ಡು ಕಳಿಸುವವರು. ಪಟ್ಟಿಗೆ ಕೆಲವು ಸಾವಿರವಾದರೆ, ಖಾಸಗಿ ಆಸ್ಪತ್ರೆಯಲ್ಲಿ ಪ್ಲೇಟಿಗೆ ಹತ್ತಾರು ಸಾವಿರ ಆಗುತ್ತದೆ. ಮನವಿಗಳಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟೇ. ಕಳಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಬಹುದು. ಯಾವ ಮೂಳೆ, ಎಷ್ಟು ತುಂಡು? ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಆಗಿದೆಯಾ? ಬೆರಳಲ್ಲಿ ನೋವು ತಿಳಿಯುತ್ತಿದೆಯಾ? ಎಂಟು ವಾರ ಯಾರ ಹತ್ತಿರ ಇರುತ್ತದೆ, ಆಮೇಲೆ ಎಲ್ಲಿಗೆ ಹೋಗುತ್ತದೆ? ನಾಲ್ಕನೆಯದಕ್ಕೆ ಉತ್ತರ ಇಲ್ಲದಿದ್ದರೆ ದುಡ್ಡು ನಿಲ್ಲಿಸಬೇಕು ಅಂತಲ್ಲ. ಗೂಡಿನ ಬಾಡಿಗೆ, ಎರಡು ತಿಂಗಳ ಊಟ, ನಾಲ್ಕನೇ ಮತ್ತು ಎಂಟನೇ ವಾರದ ಎಕ್ಸ್‌ರೇ ಖರ್ಚನ್ನೂ ಸೇರಿಸಿ ಅದೇ ಗುಂಪಿನಲ್ಲಿ ಇನ್ನೊಂದು ಸಲ ಕೇಳಬೇಕು, ಜಾಗ ಕೊಡುವವರನ್ನು ಆಪರೇಷನ್‌ಗೆ ಮೊದಲೇ ಹುಡುಕಬೇಕು.